ಮಾಳಿಗೆಯ ಮನೆಯ ಜೋಪಾನ

ಮನೆಯನ್ನು ಕಟ್ಟುವದು ಒಂದು ಸಾರೆಯ ಕೆಲಸ. ಅದನ್ನು ಕಾಯುವದು ನಿತ್ಯದ ಕೆಲಸ. ಕಟ್ಟುವಾಗ ಗೌಂಡಿಗಳೂ ಬಡಿಗರೂ ಕೂಡುವರು, ಊರವರು ಬಂದು ನೋಡಿ ಹೊಗಳುವರು. ಕಾಯುವವರನ್ನು ಹೊಗಳುವವರು ಯಾರೂ ಇಲ್ಲ. ಯಾಕಂದರೆ ಅವರ ಕೆಲಸವು ಸರಿಯಾಗಿ ಸಾಗಿದಷ್ಟು ಕಾಲ ಮನೆಯಲ್ಲಿ ಕೆಡುಕೇನೂ ಸಂಭವಿಸುವದಿಲ್ಲ. ಸಂಭವಿಸದೆ ಹೋದದ್ದನ್ನು ಯಾರು ತಾನೇ ಕಂಡಾರು?

ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿನಿಯರಲ್ಲಿ ಬಹುಮಂದಿ ಹಳ್ಳಿಗಳಿಂದ ಬಂದವರು. ಅವರ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು, ಮನೆಯನ್ನು ಅಪಾಯವಿಲ್ಲದಂತೆಯೂ ರೋಗವಿಲ್ಲದಂತೆಯೂ ಇಟ್ಟುಕೊಳ್ಳುವ ಬಗೆಯನ್ನು ಕುರಿತು ನಾಲ್ಕು ಮಾತು ಬರೆಯಲುದ್ದೇಶಿಸಿದ್ದೇವೆ. ನಾವು ಹೇಳತಕ್ಕದ್ದರ ಸಾರವು ಇಷ್ಟೇ: ಮನೆಯು ಒಮ್ಮೆಲೇ ಕೆಡುವದಿಲ್ಲ, ಒಮ್ಮೆಲೇ ಬೀಳುವದಿಲ್ಲ, ಮುಂಚಿತವಾಗಿ ಸೂಚನೆ ಕೊಟ್ಟೇ ಕೆಡುವದು, ಸೂಚನೆ ಕೊಟ್ಟೇ ಬೀಳುವದು. ಆ ಸೂಚನೆಯನ್ನು ಗುರುತಿಸುವದೂ, ಗುರುತಿಸಿದ ಕೂಡಲೆ ಕೈಕೊಳ್ಳುವದೂ ಜೋಪಾನವೆನಿಸುವದು.

ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ಮೊದಲು ಹೇಳುವೆವು. ನಾವು ಬೆಳೆದದ್ದು ನವಲಗುಂದದ ಕಡೆಯ ಎರೆಸೀಮೆಯ ಒಂದು ಮಾಳಿಗೆಯ ಮನೆಯಲ್ಲಿ. ಒಂದು ವರ್ಷ ಬೇಸಿಗೆಯಲ್ಲಿ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ದಿನಾಲು ಕಸ ಉಡುಗಿದರೂ ಮರುದಿನ ಮತ್ತೆ ತೊಲೆಯ ಕೆಳಗೆ ಸಣ್ಣ ಮಣ್ಣು ಉದುರಿರುತ್ತಿತ್ತು. ನಮ್ಮ ಅಜ್ಜಿಯವರು ಇದನ್ನು ಎರಡು ಮೂರು ಸಾರೆ ಹೇಳಿದರು. ಗಂಡಸರು ಬಿತ್ತಿಗೆ ಮುಗಿಯಲಿ ಎಂದರು. ಬಿತ್ತಿಗೆ ಮುಗಿದ ಮೇಲೆ ಎಡೆ ಹೊಡೆಯುವದು ಮುಗಿಯಲಿ ಎಂದರು. ಶ್ರಾವಣದಲ್ಲಿ ಮೂರು ದಿವಸ ಬಿಡದೆ ಜಿಟಿಜಿಟಿ ಮಳೆ ಹಿಡಿಯಿತು. ಮೂರನೆಯ ದಿನ ಸಂಜೆ ಅಜ್ಜಿಯವರು ನಮ್ಮ ತಂದೆಯವರಿಗೆ, “ತೊಲಿ ಮಾತಾಡಾಕತ್ತೈತಿ, ಹುಡುಗರನ್ನ ಇಲ್ಲೆ ಮಲಗಸಬ್ಯಾಡೋ ತಮ್ಮಾ” ಎಂದು ಹೇಳಿ, ಹಾಸಿಗೆಗಳನ್ನು ತಾವೇ ಎತ್ತಿ ಪಡಸಾಲೆಗೆ ಒಯ್ದರು. ಆ ರಾತ್ರಿ ಕೋಣೆಯ ಮಾಳಿಗೆ ಕುಸಿಯಿತು. ಅದರ ಕೂಡ ಕೊಟ್ಟಿಗೆಯ ಗೋಡೆಯೂ ಬಿದ್ದು ಒಂದು ಎತ್ತು ಸತ್ತಿತು. ಮಕ್ಕಳಾದ ನಾವು ಉಳಿದೆವು. ಅಜ್ಜಿಯವರು ಓದಿದವರಲ್ಲ, ಆದರೆ ಮನೆಯ ಮಾತನ್ನು ಓದಬಲ್ಲವರಾಗಿದ್ದರು. ಅವರ ಮಾತನ್ನು ಬೇಸಿಗೆಯಲ್ಲಿಯೇ ಕೇಳಿದ್ದರೆ ಎತ್ತೂ ಉಳಿಯುತ್ತಿತ್ತು.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2009ನೆಯ ಇಸವಿಯ ಸಪ್ಟೆಂಬರ ಕೊನೆಗೂ ಅಕ್ಟೋಬರ ಮೊದಲಿಗೂ ಸುರಿದ ಮಳೆಯಲ್ಲಿ ಉತ್ತರ ಕರ್ನಾಟಕದ ಎಷ್ಟೋ ಊರುಗಳ ಮಣ್ಣಿನ ಮನೆಗಳು ನೆಲಕ್ಕೊರಗಿದವು. 2019ನೆಯ ಇಸವಿಯ ಆಗಸ್ಟದಲ್ಲಿ ಧಾರವಾಡ ಜಿಲ್ಲೆಯಲ್ಲಿ ಹಾಗೆಯೇ ಆಯಿತು. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ಬಂದವು. ಹಳ್ಳದ ನೀರನ್ನು ಒಂದು ಮನೆಯವರು ತಡೆಯಲಾರರು. ಆದರೆ ಪ್ರವಾಹದ ನೀರು ಮುಟ್ಟದ ಓಣಿಗಳಲ್ಲಿಯೂ ಗೋಡೆಗಳು ಬೀಳುವದುಂಟು. ಅಂಥ ಮನೆಗಳ ವಿಷಯದಲ್ಲಿ ಜೋಪಾನಕ್ಕೆ ಅವಕಾಶವಿದೆ.

ಮೊದಲು ನೆಲದ ವಿಚಾರ. ಧಾರವಾಡ ಜಿಲ್ಲೆಯ ಪಶ್ಚಿಮಕ್ಕೆ ಕಲಘಟಗಿಯ ಕಡೆಗೆ ಮಲೆನಾಡಿನ ಸೆರಗು. ಅಲ್ಲಿ ಮಳೆ ಹೆಚ್ಚು, ಕಾಡು ಹತ್ತಿರ. ಆದಕಾರಣ ಇಳಿಜಾರಾದ ಹಂಚಿನ ಮನೆಗಳು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಕಡೆಗೆ ಎರೆಯ ಬೈಲುಸೀಮೆ. ಅಲ್ಲಿ ಮಳೆ ಕಡಿಮೆ, ಮರ ದುರ್ಲಭ. ಆದಕಾರಣ ಸಪಾಟಾದ ಮಣ್ಣಿನ ಮಾಳಿಗೆಗಳು. ಇವುಗಳಿಗೆ ಮೇಲ್ಮುದ್ದೆಯ ಮನೆಗಳೆಂದೂ ಹೆಸರುಂಟು. ಎರೆಮಣ್ಣಿನ ಗುಣವು ವಿಚಿತ್ರವಾದದ್ದು. ನೀರು ಕುಡಿದರೆ ಉಬ್ಬುವದು. ಒಣಗಿದರೆ ಕುಗ್ಗಿ, ಕೈ ಹೋಗುವಷ್ಟು ಬಿರುಕು ಬಿಡುವದು. ಹತ್ತಿಗೆ ಹಿತವಾದ ಈ ಗುಣವೇ ಗೋಡೆಗೆ ಅಹಿತವಾದದ್ದು. ಮಳೆಗಾಲದಲ್ಲಿ ಅಡಿಪಾಯದ ಒಂದು ಮಗ್ಗುಲು ತೊಯ್ದು ಮೇಲಕ್ಕೇಳುವದು, ಇನ್ನೊಂದು ಮಗ್ಗುಲು ಒಣಗಿ ಕೆಳಗುಳಿಯುವದು. ನಡುವೆ ಗೋಡೆಯು ಸೀಳುವದು.

ಇದಕ್ಕೆ ಮದ್ದೆಂದರೆ ಗೋಡೆಯ ಬುಡದಲ್ಲಿ ನೀರು ನಿಲ್ಲಗೊಡದಿರುವದು. ಗೋಡೆಯಿಂದ ಹೊರಗಡೆಗೆ ನೆಲವು ಇಳಿಜಾರಾಗಿರಬೇಕು. ಬಚ್ಚಲ ನೀರು ಗೋಡೆಯ ಬುಡಕ್ಕೆ ಇಂಗದೆ ಗಟಾರಕ್ಕೋ ಹಿತ್ತಲ ಗಿಡಗಳಿಗೋ ಹೋಗಬೇಕು. ಬಾಯಾರಿದ ದೊಡ್ಡ ಮರದ ಬೇರುಗಳು ಅಡಿಪಾಯದ ಕೆಳಗಿನ ತೇವವನ್ನು ಹೀರಿ ನೆಲವನ್ನು ಕುಗ್ಗಿಸುವವು. ಆದಕಾರಣ ಮರವನ್ನು ಗೋಡೆಯಿಂದ ದೂರ ನೆಡಬೇಕು. ತಿಪ್ಪೆಯನ್ನು ಗೋಡೆಗೆ ಹಚ್ಚಿ ಹಾಕಲೇಬಾರದು. ಅದು ವರ್ಷವೆಲ್ಲ ತೇವವನ್ನು ಹಿಡಿದಿಡುವದಲ್ಲದೆ ನೊಣಗಳಿಗೆ ತವರುಮನೆಯಾಗುವದು.

ಇನ್ನು ಮಾಳಿಗೆಯ ವಿಚಾರ. ಕಂಬಗಳ ಮೇಲೆ ಬೋದಿಗೆ, ಬೋದಿಗೆಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಚಕ್ಕೆ ಅಥವಾ ಕಟ್ಟಿಗೆಯ ಹಾಸು, ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು, ಎಲ್ಲಕ್ಕಿಂತ ಮೇಲೆ ಸವಳು ಮಣ್ಣು: ಇದು ಮಾಳಿಗೆಯ ರಚನೆ. ಬೆಳೆಗೆ ಬೇಡವಾದ ಸವಳು ಮಣ್ಣನ್ನು ಹಿರಿಯರು ಮಾಳಿಗೆಗೆ ಯಾಕೆ ಆರಿಸಿದರೆಂಬದನ್ನು ವಿಜ್ಞಾನದ ಪಾಠವನ್ನೋದಿದ ವಿದ್ಯಾರ್ಥಿನಿಯರು ತಿಳಿಯಬೇಕು. ಈ ಮಣ್ಣಿನಲ್ಲಿ ಸೋಡಿಯಮ್ ಅಂಶವು ಹೆಚ್ಚು. ಅದು ತೊಯ್ದಾಗ ಜೇಡಿಯ ಕಣಗಳನ್ನು ಒಂದನ್ನೊಂದು ಬಿಡಿಸಿ ಚದರಿಸುವದು. ಬಿಡಿಯಾದ ಸಣ್ಣ ಕಣಗಳು ಮಣ್ಣಿನ ರಂಧ್ರಗಳಲ್ಲಿ ಕೂತು ದಾರಿಯನ್ನು ಮುಚ್ಚುವವು. ನೀರು ಕೆಳಗಿಳಿಯದೆ ಮೇಲೆಯೇ ಹರಿದುಹೋಗುವದು. ಹೊಲದಲ್ಲಿ ಬೇರಿಗೆ ನೀರನ್ನು ಇಳಿಯಗೊಡದ ದೋಷವೇ ಮಾಳಿಗೆಯ ಮೇಲೆ ಗುಣವಾಗುವದು.

ಬೇಸಿಗೆ ಮುಗಿದು ಮಿರಗದ ಮಳೆ ಬರುವದರೊಳಗಾಗಿ, ಅಂದರೆ ಜೂನ ತಿಂಗಳ ಮೊದಲ ವಾರದೊಳಗೆ, ಮಾಳಿಗೆಯ ಕೆಲಸವು ಮುಗಿದಿರಬೇಕು. ಮೊದಲು ಹುಲ್ಲನ್ನು ಬೇರುಸಹಿತ ಕೀಳಬೇಕು. ಬೇರು ಹೋದ ದಾರಿಯಲ್ಲಿಯೇ ನೀರೂ ಹೋಗುವದು. ಇಲಿ ಹೆಗ್ಗಣಗಳ ಬಿಲಗಳನ್ನೂ ಬಿರುಕುಗಳನ್ನೂ ಹುಡುಕಿ ಮಣ್ಣು ತುಂಬಿ ಗಟ್ಟಿಸಬೇಕು. ಮಾಳಿಗೆಯ ನೀರು ಹೊರಬೀಳುವ ದೋಣಿಗಳಲ್ಲಿ ಎಲೆಕಸ ಸಿಕ್ಕಿದ್ದರೆ ತೆಗೆಯಬೇಕು. ದೋಣಿಯ ಬಾಯಿಯು ಗೋಡೆಯಿಂದ ಸಾಕಷ್ಟು ಮುಂದಕ್ಕೆ ಚಾಚಿರಬೇಕು, ಇಲ್ಲದಿದ್ದರೆ ಮಾಳಿಗೆಯನ್ನುಳಿಸಿದ ನೀರೇ ಗೋಡೆಯನ್ನು ಕೊರೆಯುವದು. ಒಂದೆರಡು ಕೊಡ ನೀರನ್ನು ಮಾಳಿಗೆಯ ಮೇಲೆ ಸುರುವಿ, ಅದು ಎತ್ತ ಹರಿಯುವದು, ಎಲ್ಲಿ ನಿಲ್ಲುವದು ಎಂದು ನೋಡಿದರೆ ತಗ್ಗುಗಳು ಗೊತ್ತಾಗುವವು.

ಇಲ್ಲಿ ಒಂದು ಮುಖ್ಯವಾದ ಎಚ್ಚರಿಕೆಯನ್ನು ಹೇಳಬೇಕಾಗಿದೆ. ಬಹುಜನರು ವರ್ಷ ವರ್ಷವೂ ಹಳೆಯ ಮಣ್ಣನ್ನು ಕೆರೆಯದೆ ಅದರ ಮೇಲೆಯೇ ಹೊಸ ಮಣ್ಣನ್ನು ಹಾಕುವರು. ಸೋರದಿರಲೆಂದು ಮಾಡಿದ ಈ ಕೆಲಸವೇ ಮಾಳಿಗೆ ಬೀಳುವದಕ್ಕೆ ಕಾರಣವಾಗುವದುಂಟು. ಲೆಕ್ಕವನ್ನು ಮಾಡಿ ನೋಡಿರಿ. 10 ಫೂಟು ಅಗಲ, 12 ಫೂಟು ಉದ್ದದ ಕೋಣೆಯ ಮೇಲೆ ಒಂದೇ ಅಂಗುಲ ಮಣ್ಣನ್ನು ಹರವಿದರೆ ಅದು 10 ಘನ ಫೂಟು ಆಗುವದು. ಗಟ್ಟಿಸಿದ ಒಣ ಮಣ್ಣಿನ ತೂಕ ಘನ ಫೂಟಿಗೆ ಸುಮಾರು 45 ಕಿಲೊ ಎಂದು ಹಿಡಿದರೆ ಒಟ್ಟು 450 ಕಿಲೊ, ಅಂದರೆ ನಾಲ್ಕೂವರೆ ಕ್ವಿಂಟಲು. ಹತ್ತು ವರ್ಷ ಹೀಗೆಯೇ ಹಾಕುತ್ತ ಹೋದರೆ ಹಳೆಯ ತೊಲೆಯ ಮೇಲೆ 45 ಕ್ವಿಂಟಲು ಹೊಸ ಭಾರ ಬೀಳುವದು. ಮಳೆಯಲ್ಲಿ ತೊಯ್ದಾಗ ಇದು ಇನ್ನೂ ಹೆಚ್ಚುವದು. ತೊಲೆಯಾದರೋ ವರ್ಷ ವರ್ಷಕ್ಕೆ ಮುದಿಯಾಗುವದೇ ಹೊರತು ಬಲವಾಗುವದಿಲ್ಲ. ಆದುದರಿಂದ ಎಷ್ಟು ಹೊಸ ಮಣ್ಣನ್ನು ಹಾಕುವೆವೋ ಅಷ್ಟು ಹಳೆಯ ಮಣ್ಣನ್ನು ಮೊದಲು ಕೆರೆದು ಇಳಿಸಬೇಕು. ಬಿರುಸಾದ ಮಳೆಗಿಂತ ಬಿಡದೆ ಹಿಡಿದ ಜಡಿಮಳೆಯೇ ಮಾಳಿಗೆಗೆ ಹೆಚ್ಚು ಕೇಡು; ಬಿರುಸಿನ ನೀರು ಹರಿದುಹೋಗುವದು, ಜಡಿಯ ನೀರು ಒಳಗೆ ಇಂಗಿ ಭಾರವಾಗಿ ಕುಳ್ಳಿರುವದು. ಜಡಿ ಹಿಡಿದ ರಾತ್ರಿ ಮಾಳಿಗೆಯ ಮೇಲೆ ಯಾರೂ ಹತ್ತಬಾರದು. ಮಣ್ಣು ಉದುರುವ ಕೋಣೆಯಲ್ಲಿ ಯಾರೂ ಮಲಗಬಾರದು.

ಹಂಚಿನ ಮನೆಯವರಿಗೆ ಈ ಭಾರದ ಭಯವಿಲ್ಲ. ನಮ್ಮ ಸೀಮೆಯವರಿಗೆ ಪರಿಚಿತವಾದ ಮಂಗಳೂರು ಹಂಚಿನ ಕಾರಖಾನೆಯನ್ನು ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ತೆರೆದರು. ಒಂದು ಹಂಚಿನ ಅಂಚು ಮತ್ತೊಂದರಲ್ಲಿ ಸಿಕ್ಕಿಕೊಂಡು ಕೂಡುವದರಿಂದ ಅವು ಹಳೆಯ ನಾಡಹಂಚುಗಳಂತೆ ಸುಲಭವಾಗಿ ಸರಿಯುವದಿಲ್ಲ. ಆದರೂ ಮಂಗಗಳ ಹಾರಾಟದಿಂದಲೂ ಗಾಳಿಯಿಂದಲೂ ಹಂಚುಗಳು ಒಡೆಯುವವು. ಒಡೆದ ಒಂದು ಹಂಚಿನ ಕೆಳಗೆ ಒಂದು ಮಳೆಗಾಲ ತೊಯ್ದ ಪಕಾಸಿಯು ಮುಂದಿನ ಮಳೆಗಾಲಕ್ಕೆ ಲಡ್ಡಾಗುವದು. ಹಗಲು ಹೊತ್ತಿನಲ್ಲಿ ಒಳಗೆ ನಿಂತು ಮೇಲೆ ನೋಡಿದರೆ ಬೆಳಕು ತೂರುವ ಸಂದುಗಳು ಕಾಣುವವು. ಅವನ್ನು ಗುರುತಿಸಿ ಹಂಚು ಬದಲಿಸಬೇಕು. ಕಲಘಟಗಿಯ ಕಡೆಯ ವಿದ್ಯಾರ್ಥಿನಿಯರಿಗೆ ಇದು ಬೇಸಿಗೆಯ ರಜೆಯ ಒಳ್ಳೆಯ ಉದ್ಯೋಗ.

ಗೋಡೆಗಳಿಗೆ ಬರೋಣ. ಗೋಡೆಯಲ್ಲಿ ಬಿರುಕು ಕಂಡಾಗ ಕೇಳತಕ್ಕ ಪ್ರಶ್ನೆ ಒಂದೇ: ಈ ಬಿರುಕು ನಿಂತಿದೆಯೋ ಬೆಳೆಯುತ್ತಿದೆಯೋ? ಇದನ್ನು ಅರಿಯುವದಕ್ಕೆ ಬಿರುಕಿನ ತುದಿಗೆ ಸೀಸದ ಕಡ್ಡಿಯಿಂದ ಗೆರೆಯೆಳೆದು ಬದಿಗೆ ತಾರೀಖನ್ನು ಬರೆಯಬೇಕು. ಬಿರುಕಿನ ಅಡ್ಡಲಾಗಿ ಒಂದು ತೆಳ್ಳನ್ನ ಕಾಗದದ ಚೂರನ್ನು ಅಂಟಿಸಬೇಕು. ಕಾಗದವು ಹರಿದರೆ, ಇಲ್ಲವೆ ಬಿರುಕು ಗೆರೆಯನ್ನು ದಾಟಿದರೆ, ಗೋಡೆಯು ಚಲಿಸುತ್ತಿದೆಯೆಂದು ತಿಳಿದು ಗೌಂಡಿಯನ್ನು ಕರೆಯಿಸಬೇಕು. ಗೋಡೆಯು ಹೊಟ್ಟೆ ಬಿಟ್ಟಿದೆಯೋ ಎಂಬುದನ್ನು ನೋಡಲು ಒಂದು ದಾರಕ್ಕೆ ಕಲ್ಲು ಕಟ್ಟಿ ಮೇಲಿನಿಂದ ಇಳಿಬಿಟ್ಟರೆ ಸಾಕು. ನಿನ್ನೆಯವರೆಗೆ ಸರಾಗವಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದ್ದರೆ, ಬಾಗಿಲನ್ನು ಬಯ್ಯದೆ ಮೇಲಿನ ಗೋಡೆಯನ್ನು ನೋಡಿರಿ.

ಇತ್ತೀಚೆಗೆ ಮಣ್ಣಿನ ಗೋಡೆಗಳಿಗೆ ಸಿಮೆಂಟಿನ ಗಿಲಾವು ಮಾಡಿಸುವ ರೂಢಿ ಬಂದಿದೆ. ನೋಟಕ್ಕೆ ಗಟ್ಟಿಯಾಗಿ ಕಂಡರೂ ಇದು ಹಿತವಲ್ಲ. ಮಣ್ಣಿನ ಗೋಡೆಯು ನೆಲದಿಂದ ಹೀರಿದ ತೇವವನ್ನು ತನ್ನ ಮೈಯಿಂದಲೇ ಹೊರಗೆ ಬಿಡುವದು. ಮಣ್ಣು, ಸಗಣಿ, ಸುಣ್ಣಗಳ ಲೇಪವು ಇದಕ್ಕೆ ಎಡೆಗೊಡುವದು; ಸಿಮೆಂಟು ಎಡೆಗೊಡದು. ತೇವವು ಒಳಗೇ ಸಿಕ್ಕಿ, ಹೊರಗೆ ಸಿಮೆಂಟಿನ ಹೊದಿಕೆಯು ನೆಟ್ಟಗೆ ನಿಂತಿರುವಾಗಲೇ ಒಳಗೆ ಗೋಡೆಯು ಮೆತ್ತಗಾಗುವದು. ಸೂಚನೆ ಕೊಡುವ ಬಾಯನ್ನೇ ಮುಚ್ಚಿದಂತೆ ಇದು. ಹಳೆಯ ಮಣ್ಣಿನ ಗೋಡೆಗೆ ಮಣ್ಣಿನ ಗಿಲಾವು, ಅದರ ಮೇಲೆ ವರ್ಷಕ್ಕೊಂದು ಸಾರೆ ಸುಣ್ಣ, ಇವೇ ಯೋಗ್ಯವಾದವು. ಸುಣ್ಣವು ಕ್ಷಾರಗುಣವುಳ್ಳದ್ದಾದಕಾರಣ ಬೂಷ್ಟನ್ನೂ ಅನೇಕ ರೋಗಬೀಜಗಳನ್ನೂ ಅಡಗಿಸುವದು, ಕತ್ತಲೆಯ ಕೋಣೆಗೆ ಬೆಳಕನ್ನೂ ಕೊಡುವದು.

ಕಟ್ಟಿಗೆಯ ಶತ್ರು ಗೆದ್ದಲು. ಕಂಬದ ಬುಡದಿಂದ ಮೇಲಕ್ಕೆ ಹೋದ ಮಣ್ಣಿನ ಸಣ್ಣ ಗೆರೆಯೇ ಅದರ ಗುರುತು. ತಿಂಗಳಿಗೊಂದು ಸಾರೆ ದೀಪವನ್ನು ಹಿಡಿದು ಕಂಬಗಳ ಬುಡವನ್ನೂ ತೊಲೆಯು ಗೋಡೆಯೊಳಗೆ ಹೋಗುವ ತುದಿಯನ್ನೂ ನೋಡಬೇಕು. ತೊಲೆಯು ಮೊದಲು ಕೆಡುವದು ಆ ಕಾಣದ ತುದಿಯಲ್ಲಿಯೇ. ಕೋಲಿನಿಂದ ಬಡಿದು ನೋಡಿದರೆ ಗಟ್ಟಿ ಕಟ್ಟಿಗೆಯ ಸಪ್ಪಳವೇ ಬೇರೆ, ಪೊಳ್ಳು ಕಟ್ಟಿಗೆಯ ಸಪ್ಪಳವೇ ಬೇರೆ. ಹತ್ತಿಕಟ್ಟಿಗೆ, ಕುಳ್ಳುಗಳನ್ನು ಮನೆಯೊಳಗಿನ ಕಂಬಕ್ಕೆ ಒರಗಿಸಿ ಒಟ್ಟಬಾರದು. ಮೇವಿನ ಬಣವೆಯನ್ನೂ ಮನೆಯಿಂದ ದೂರವೇ ಒಟ್ಟಬೇಕು. ಒಂದು ಕಿಡಿಗೆ ಬಣವೆಯೂ ಮನೆಯೂ ಕೂಡಿಯೇ ಹೋದಾವು.

ಮನೆಯು ನಿಂತರೆ ಸಾಲದು, ಅದರೊಳಗಿನವರು ಆರೋಗ್ಯದಿಂದಿರಬೇಕು. ಆದಕಾರಣ ಗಾಳಿ, ನೀರು, ಇಲಿಹುಳಗಳ ವಿಚಾರವನ್ನು ಹೇಳುವೆವು. ನಮ್ಮ ಹಳೆಯ ಮಾಳಿಗೆಯ ಮನೆಗಳಲ್ಲಿ ಕಿಟಕಿಗಳು ವಿರಳ. ಕಳ್ಳಕಾಕರ ಭಯದಿಂದಲೂ ಬಿಸಿಲಿನ ಭಯದಿಂದಲೂ ಹಿರಿಯರು ಹಾಗೆ ಕಟ್ಟಿದರು. ಬೆಳಕೂ ಗಾಳಿಯೂ ಮಾಳಿಗೆಯ ಬೆಳಕಿಂಡಿಯಿಂದಲೇ ಬರಬೇಕು, ಅಡಿಗೆಮನೆಯ ಹೊಗೆಯು ಅದರಿಂದಲೇ ಹೋಗಬೇಕು. ಮಳೆಗಾಲಕ್ಕೆ ಅದರ ಮೇಲೆ ಮುಚ್ಚಿದ ಕಲ್ಲನ್ನು ಮಳೆ ಹೋದರೂ ತೆಗೆಯದ ಮನೆಗಳುಂಟು. ಅಂಥ ಮನೆಗಳ ಅಡಿಗೆಯ ಕೋಣೆಯಲ್ಲಿ ಕಪ್ಪಾದ ಜಂತಿಗಳನ್ನು ನೋಡಿರಿ. ಒಲೆಯ ಮುಂದೆ ಕೂತವಳ ಎದೆಯೊಳಗೂ ಅದೇ ಮಸಿಯ ಪಾಲು ಹೋಗಿರುವದೆಂದು ತಿಳಿಯಿರಿ. 2020ರಲ್ಲಿ ಮನೆಯೊಳಗಣ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಅಂದಾಜು ಮಾಡಿದ್ದಾರೆ. ಈಗ ಬಹು ಮನೆಗಳಿಗೆ ಗ್ಯಾಸಿನ ಒಲೆ ಬಂದದೆ. ಆದರೂ ರೊಟ್ಟಿಗೂ ಸ್ನಾನದ ನೀರಿಗೂ ಕಟ್ಟಿಗೆಯ ಒಲೆಯೇ ಉರಿಯುವದುಂಟು. ಬೆಳಕಿಂಡಿಯನ್ನು ತೆರೆದಿಡುವದಕ್ಕೆ ಕಾಸಿನ ಖರ್ಚೂ ಇಲ್ಲ.

ನೀರಿನ ವಿಷಯದಲ್ಲಿ ನಮ್ಮ ಬೈಲುಸೀಮೆಯು ಬಹು ಕಷ್ಟವನ್ನು ಕಂಡದೆ. ಬಾವಿಗಳ ನೀರು ಹಲವೆಡೆ ಸವಳು. ಕುಡಿಯುವದಕ್ಕೆ ಕೆರೆಯ ನೀರೇ ಗತಿ. ಪೂರ್ವದಲ್ಲಿ ಜನರು ಕಾಲಿಟ್ಟು ಇಳಿದು ತುಂಬುವ ಕೆರೆ ಬಾವಿಗಳಿಂದ ನಾರುಹುಣ್ಣು ಹರಡುತ್ತಿತ್ತು. ನೀರಿನಲ್ಲಿರುವ ಕಣ್ಣಿಗೆ ಕಾಣಿಸದಷ್ಟು ಸಣ್ಣ ಜೀವಿಯ ಹೊಟ್ಟೆಯಲ್ಲಿ ಆ ಹುಳದ ಮರಿ ಇರುತ್ತಿತ್ತು. ನೀರನ್ನು ದಟ್ಟವಾದ ಬಟ್ಟೆಯಲ್ಲಿ ಸೋಸಿದರೆ ಆ ಜೀವಿಯು ಬಟ್ಟೆಯಲ್ಲಿಯೇ ಉಳಿಯುವದು. ಸೋಸುವ ಬಟ್ಟೆ, ಶುದ್ಧ ನೀರಿನ ಕೊಳವೆಬಾವಿ, ಜನರ ತಿಳುವಳಿಕೆ ಇವುಗಳಿಂದ ಆ ರೋಗವು ನಾಶವಾಯಿತು. ಭಾರತದಲ್ಲಿ ಕೊನೆಯ ರೋಗಿಯು ಕಂಡದ್ದು 1996ರಲ್ಲಿ. 2000ದಲ್ಲಿ ದೇಶವು ಆ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಮನೆಯ ಹೆಣ್ಣುಮಕ್ಕಳು ಕೊಡದ ಬಾಯಿಗೆ ಕಟ್ಟಿದ ಒಂದು ತುಂಡು ಬಟ್ಟೆಯು ಇಷ್ಟು ದೊಡ್ಡ ಕೆಲಸದಲ್ಲಿ ಪಾಲುಗೊಂಡಿತು.

ಈಗಿನ ಅಪಾಯವು ಬೇರೆ. ನಳದ ನೀರು ದಿನಾಲು ಬಾರದ ಊರುಗಳಲ್ಲಿ ಜನರು ಹಂಡೆ, ಹರವಿ, ಪ್ಲಾಸ್ಟಿಕ್ ಪೀಪಾಯಿಗಳಲ್ಲಿ ಹಲವು ದಿವಸದ ನೀರನ್ನು ತುಂಬಿಡುವರು. ಡೆಂಗಿ ಜ್ವರದ ಸೊಳ್ಳೆಯು ಗಟಾರಕ್ಕಿಂತ ಇಂಥ ತಿಳಿನೀರನ್ನೇ ಮೆಚ್ಚುವದು. ಅದರ ತತ್ತಿಯು ಸೊಳ್ಳೆಯಾಗುವದಕ್ಕೆ ಸುಮಾರು ಒಂದು ವಾರದಿಂದ ಹತ್ತು ದಿನ ಹಿಡಿಯುವದು. ಆದಕಾರಣ ವಾರಕ್ಕೊಂದು ದಿನ ಎಲ್ಲ ಪಾತ್ರೆಗಳನ್ನು ಬರಿದುಮಾಡಿ, ತತ್ತಿಗಳು ಅಂಚಿಗೆ ಅಂಟಿಕೊಂಡಿರುವವಾದ್ದರಿಂದ ಒಳಮೈಯನ್ನು ತಿಕ್ಕಿ ತೊಳೆದು, ಒಣಗಿಸಿ ತುಂಬಬೇಕು. ತುಂಬಿದ ಮೇಲೆ ಬಟ್ಟೆ ಕಟ್ಟಿ ಮುಚ್ಚಬೇಕು. ಕುಡಿಯುವ ನೀರನ್ನು ಕಾಯಿಸಿ ಆರಿಸಿ, ಹಿಡಿಕೆಯುಳ್ಳ ಚರಿಗೆಯಿಂದ ತೆಗೆಯಬೇಕು, ಕೈಯನ್ನು ಅದ್ದಬಾರದು.

ಇಲಿಗಳ ವಿಷಯದಲ್ಲಿ ನಮ್ಮ ಸೀಮೆಯ ಹಿರಿಯರಿಗೆ ಕಹಿಯಾದ ನೆನಪುಂಟು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಹುಬ್ಬಳ್ಳಿಯನ್ನು ಬಲವಾಗಿ ಹೊಡೆಯಿತು. ಮೊದಲು ಇಲಿಗಳು ಸತ್ತು ಬೀಳುತ್ತಿದ್ದವು. ಆಗ ಜನರು ಮನೆಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿ ಬೀಳುವದೇ ಮನೆಯು ಕೊಡುವ ಸೂಚನೆಯಾಗಿತ್ತು. ಈಗ ಆ ಭೀತಿಯಿಲ್ಲ. ಆದರೆ ಇಲಿಯಿದ್ದಲ್ಲಿ ಹಾವು ಬರುವದು. ಗೋಡೆಯ ಬಿಲಗಳನ್ನು ಒಡೆದ ಗಾಜಿನ ಚೂರು ಬೆರಸಿದ ಮಣ್ಣಿನಿಂದ ಮುಚ್ಚಬೇಕು, ಕಾಳುಕಡಿಯನ್ನು ಭದ್ರವಾದ ಡಬ್ಬಿಗಳಲ್ಲಿಡಬೇಕು, ಹಿತ್ತಲ ಕಲ್ಲುಕಟ್ಟಿಗೆಗಳ ರಾಶಿಯನ್ನು ತೆಗೆಯಬೇಕು. ಮಳೆಗಾಲದಲ್ಲಿ ನೆಲದ ಮೇಲೆ ಮಲಗಬಾರದು. ಕಟ್ಟುಹಾವು ಕಡಿಯುವದು ಹೆಚ್ಚಾಗಿ ರಾತ್ರಿ ನೆಲದ ಮೇಲೆ ಮಲಗಿದವರನ್ನೇ. ಹಾವು ಕಡಿದರೆ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಮಂತ್ರಕ್ಕೆ ಕಾಯದೆ, ವಿಷಕ್ಕೆ ಪ್ರತಿಯಾದ ಮದ್ದುಳ್ಳ ಆಸ್ಪತ್ರೆಗೆ ತಕ್ಷಣ ಒಯ್ಯಬೇಕು.

ಇನ್ನು ನಮ್ಮ ಸೀಮೆಗೆ ವಿಶೇಷವಾದ ಒಂದು ಅಪಾಯವನ್ನು ಹೇಳದೆ ಬಿಡಲಾಗದು. ಜೋಳವನ್ನು ಕೂಡಿಡುವ ಹಗೇವನ್ನು ಹಿರಿಯರು ಅಂಗಳದಲ್ಲಿ ಅಥವಾ ಓಣಿಯಲ್ಲಿ ತೋಡುತ್ತಿದ್ದರು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡುತ್ತಲೇ ಇರುವದು. ಪ್ರಾಣವಾಯುವು ತೀರಿ ಇಂಗಾಲಾಮ್ಲ ವಾಯುವು ತುಂಬುವದು. ಹುಳಗಳು ಬದುಕದಿರುವದರಿಂದ ಕಾಳು ಉಳಿಯುವದು. ಆದರೆ ಆ ಕಾರಣದಿಂದಲೇ ಕೂಡಲೆ ಇಳಿದ ಮನುಷ್ಯನೂ ಉಳಿಯನು. ಆದಕಾರಣ ಹಿರಿಯರು ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯಬಾರದೆಂಬುದು ನಿಶ್ಚಯ. ಆರದಿದ್ದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳದೆ, ಮೇಲೆ ಇಬ್ಬರು ನಿಲ್ಲದೆ ಇಳಿಯಬಾರದು. ಒಳಗೆ ಒಬ್ಬನು ಬಿದ್ದನೆಂದು ಅವನನ್ನು ಎತ್ತಲು ಮತ್ತೊಬ್ಬನು ಇಳಿದು ಇಬ್ಬರೂ ಸಾಯುವದೇ ಇಂಥ ತಗ್ಗುಗಳ ದುಃಖದ ಕಥೆ.

ಹಗೇವುಗಳು ಈಗ ವಿರಳವಾದವು. ಆದರೆ ಮನೆಮನೆಗೂ ಶೌಚಾಲಯದ ಗುಂಡಿಗಳು ಬಂದಿವೆ. ಅವುಗಳೊಳಗಿನ ವಾಯುವು ಹಗೇವಿನದಕ್ಕಿಂತಲೂ ಕ್ರೂರವಾದದ್ದು. ಹಗೇವನ್ನು ಅರಿತ ನಮ್ಮ ಜನರು ಈ ಗುಂಡಿಯನ್ನೂ ಅದೇ ಭಯದಿಂದ ಕಾಣಬೇಕು. ಮನುಷ್ಯನನ್ನು ಅದರಲ್ಲಿ ಇಳಿಸುವದು ಪ್ರಾಣಕ್ಕೂ ಅಪಾಯ, 2013ರ ಕಾಯದೆಗೂ ವಿರುದ್ಧ. ಹೀರುವ ಯಂತ್ರದ ಗಾಡಿಯನ್ನೇ ತರಿಸಬೇಕು. ಗುಂಡಿಯ ಮುಚ್ಚಳವು ಬಿರುಕು ಬಿಟ್ಟಿದ್ದರೆ ಆ ದಿನವೇ ಬದಲಿಸಬೇಕು. ಅದರ ಮೇಲೆ ಮಕ್ಕಳು ಆಡುವರು.

ವಿದ್ಯುಚ್ಛಕ್ತಿ ಮತ್ತು ಗ್ಯಾಸು ಹಿರಿಯರಿಗೆ ಪರಿಚಯವಿಲ್ಲದ ಸಂಗತಿಗಳು. ಇವುಗಳ ವಿಷಯದಲ್ಲಿ ಅಜ್ಜಿಯರು ಮೊಮ್ಮಕ್ಕಳಿಂದಲೇ ಕಲಿಯಬೇಕು. ತೊಯ್ದ ಮಣ್ಣಿನ ಗೋಡೆಯ ಮೇಲೆ ಸಿಪ್ಪೆ ಹೋದ ತಂತಿಯು ಸಾವಿನ ಬಲೆ. ಒದ್ದೆ ಬಟ್ಟೆಗಳನ್ನು ಒಣಹಾಕಲು ಕಬ್ಬಿಣದ ತಂತಿಯನ್ನು ಕಟ್ಟಬಾರದು, ನೂಲಿನ ಅಥವಾ ಪ್ಲಾಸ್ಟಿಕ್ ಹಗ್ಗವನ್ನು ಕಟ್ಟಬೇಕು. ಕರೆಂಟು ಸೋರಿದಾಗ ಮೊದಲು ಕೈಯಿಡುವವಳು ಮನೆಯ ಹೆಣ್ಣುಮಗಳೇ. ಮನೆಗೆ ಸರಿಯಾದ ಅರ್ಥಿಂಗ್ ಇರಬೇಕು. 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟನ್ನು ಕಡಿಯುವ ಸಾಧನವನ್ನು ಮೀಟರಿನ ಬಳಿ ಕೂಡಿಸುವದು ಉತ್ತಮ. ಗ್ಯಾಸಿನ ರಬ್ಬರು ಕೊಳವೆಯ ಮೇಲೆ ಅದರ ಅವಧಿಯು ಅಚ್ಚಾಗಿರುವದು. ಐದು ವರ್ಷಗಳಿಗೊಮ್ಮೆ, ಬಿರುಕು ಕಂಡರೆ ಅದಕ್ಕೂ ಮುಂಚೆ, ಬದಲಿಸಬೇಕು. ವಾಸನೆ ಬಂದರೆ ದೀಪದ ಗುಂಡಿಯನ್ನು ಒತ್ತದೆ, ಸಿಲಿಂಡರನ್ನು ಬಂದು ಮಾಡಿ, ಬಾಗಿಲು ಕಿಟಕಿಗಳನ್ನು ತೆರೆದು ಹೊರಗೆ ಹೋಗಿ 1906 ಎಂಬ ಸಂಖ್ಯೆಗೆ ಫೋನು ಮಾಡಬೇಕು.

ಇಷ್ಟೆಲ್ಲವನ್ನು ಯಾರು ಯಾವಾಗ ಮಾಡುವದೆಂದು ವಾಚಕಿಯರು ಕೇಳಬಹುದು. ಎಲ್ಲವನ್ನೂ ಒಂದೇ ದಿನ ಮಾಡಬೇಕಾಗಿಲ್ಲ. ದಿನಾಲು: ಕಸ ಉಡುಗುವಾಗ ಏನು ಬಿದ್ದಿದೆಯೆಂದು ನೋಡುವದು, ಕಿಂಡಿಕಿಟಕಿಗಳನ್ನು ತೆರೆಯುವದು. ವಾರಕ್ಕೊಮ್ಮೆ: ನೀರಿನ ಪಾತ್ರೆಗಳನ್ನು ತಿಕ್ಕುವದು. ತಿಂಗಳಿಗೊಮ್ಮೆ: ಕಂಬ, ತೊಲೆ, ಬಿರುಕು, ಬಿಲ, ತಂತಿ, ಕೊಳವೆಗಳನ್ನು ನೋಡುವದು. ಯುಗಾದಿಯಿಂದ ಮಿರಗದೊಳಗೆ: ಮಾಳಿಗೆಯನ್ನು ಕೆರೆದು ಸವಳು ಹಾಕುವದು, ದೋಣಿ ಗಟಾರಗಳನ್ನು ತೆರವು ಮಾಡುವದು, ಹಂಚು ಬದಲಿಸುವದು. ಮಳೆ ಹೋದ ಮೇಲೆ ದೀಪಾವಳಿಗೋ ಕ್ರಿಸ್ತಜಯಂತಿಗೋ: ಗೋಡೆಗಳ ಗಾಯಗಳನ್ನು ಮೆತ್ತಿ ಸುಣ್ಣ ಬಳಿಯುವದು.

ಕಡೆಯದಾಗಿ ಒಂದು ಮಾತು. ಮಾಳಿಗೆ ಹತ್ತುವದು, ತೊಲೆ ಬದಲಿಸುವದು, ಹಣ ಕೊಡುವದು ಇವು ಹೆಚ್ಚಾಗಿ ಗಂಡಸರ ಕೈಯಲ್ಲಿರುವವು. ಆದರೆ ದಿನಾಲು ಮನೆಯ ಮೂಲೆಮೂಲೆಯನ್ನು ಉಡುಗಿ ಸಾರಿಸುವವರು, ಯಾವ ಗೋಡೆ ತಣ್ಣಗಿದೆ, ಎಲ್ಲಿ ಮಣ್ಣು ಉದುರುತ್ತಿದೆ, ಯಾವ ಬಾಗಿಲು ಬಿಗಿಯಾಗಿದೆ ಎಂಬುದನ್ನು ಎಲ್ಲರಿಗಿಂತ ಮೊದಲು ಅರಿಯುವವರು ಹೆಣ್ಣುಮಕ್ಕಳು. ಅರಿತರೂ ಅವರು ಹೇಳದೆ ಇರುವದು, ಹೇಳಿದರೂ ಇತರರು ಕೇಳದೆ ಇರುವದು, ಈ ಎರಡರ ನಡುವೆ ಎಷ್ಟೋ ಮನೆಗಳು ಬಿದ್ದಿವೆ. ನಮ್ಮ ಅಜ್ಜಿಯವರ ಬಳಿ ಮಾತಿನ ಹೊರತು ಬೇರೆ ಸಾಧನವಿರಲಿಲ್ಲ. ಶಾಲೆಯಲ್ಲಿ ಓದುಬರಹವನ್ನು ಕಲಿತ ನೀವು ಒಂದು ಹಳೆಯ ವಹಿಯಲ್ಲಿ ಕಂಡದ್ದನ್ನು ತಾರೀಖು ಸಹಿತ ಬರೆದಿಡಬಲ್ಲಿರಿ. “ಮಣ್ಣು ಉದುರುತ್ತದೆ” ಎಂದರೆ ಆಗಲಿ ನೋಡೋಣ ಎನ್ನುವರು. “ಬಿರುಕು ಏಪ್ರಿಲ ಒಂದನೆಯ ತಾರೀಖಿಗೆ ಗೇಣುದ್ದವಿತ್ತು, ಮೇ ಒಂದಕ್ಕೆ ಮೊಳವಾಗಿದೆ” ಎಂದು ತೋರಿಸಿದರೆ ಏಳಲೇಬೇಕಾಗುವದು. ಈ ಬೇಸಿಗೆಯ ರಜೆಗೆ ಊರಿಗೆ ಹೋದಾಗ ಒಂದು ವಹಿಯನ್ನೂ ಒಂದು ಸೀಸದ ಕಡ್ಡಿಯನ್ನೂ ಕೈಯಲ್ಲಿ ಹಿಡಿದು ನಿಮ್ಮ ಮನೆಯನ್ನು ಒಮ್ಮೆ ಸುತ್ತಿರಿ. ಮಿರಗದ ಮಳೆಗೆ ಇನ್ನೂ ದಿನಗಳಿರುವಾಗಲೇ ಸುತ್ತಿರಿ.